ಎಂ.ಎ. ಸೀಟು: ಒಪ್ಪುವ ಮುನ್ನ

ಅರ್ಥಶಾಸ್ತ್ರದ ಸ್ನಾತಕೋತ್ತರ ಸೀಟು ಸಿಕ್ಕಿದೆಯೆಂಬ ಪತ್ರ ಬಂದಾಗ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಸಂತೋಷದ ಬೆನ್ನಿಗೇ ಚಿಂತೆಯೂ ಬರುತ್ತದೆ. ಶುಲ್ಕ ತುಂಬಲು ಕೆಲವೇ ದಿನಗಳ ಗಡುವು. ಇನ್ನೊಂದೆಡೆ ಕೈಗೆ ಬಂದ ನೌಕರಿ. ಹೋಟೆಲು, ಸಣ್ಣ ವ್ಯಾಪಾರ ನಂಬಿದ ಸಂಸಾರಕ್ಕೆ ಎರಡು ವರ್ಷದ ಸಂಬಳ ಬಿಡುವುದು ಸಣ್ಣ ಮಾತಲ್ಲ.

ಆದರೆ ಯುಪಿಎಸ್‌ಸಿ ನಡೆಸುವ ಇಂಡಿಯನ್ ಇಕನಾಮಿಕ್ ಸರ್ವಿಸ್ ಪರೀಕ್ಷೆಗೆ ಕೂರಲು ಈ ಪದವಿ ಬೇಕೇ ಬೇಕು. ಬರೀ ಬಿ.ಎ., ಬಿ.ಕಾಂ.ಗೆ ಆ ಬಾಗಿಲು ತೆರೆಯದು. ಹಾಗೆಂದು ಎಲ್ಲ ಸೀಟುಗಳೂ ಒಂದೇ ಅಲ್ಲ. ಗಣಿತ, ಸಂಖ್ಯಾಶಾಸ್ತ್ರವನ್ನು ಗಟ್ಟಿಯಾಗಿ ಕಲಿಸುವ ಸಂಸ್ಥೆಯಾಗಿದ್ದು, ವಿದ್ಯಾರ್ಥಿಗೂ ಆ ವಿಷಯದಲ್ಲಿ ಒಲವಿದ್ದರೆ ಸಾಲ ಮಾಡಿಯಾದರೂ ಸೇರಬಹುದು. ಕೆಲಸ ಹುಡುಕುವುದನ್ನು ಮುಂದೂಡಲು ಸೇರುವುದಾದರೆ ಬಿಡುವುದೇ ಲೇಸು.

ಕೇಂದ್ರ ಸರಕಾರ 2024ರಲ್ಲಿ ಮಂಜೂರು ಮಾಡಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಜಾಮೀನಿಲ್ಲದೆ ಸಾಲ ಸಿಗುತ್ತದೆ. ಇದು ಎಷ್ಟು ಪಾಲಕರಿಗೆ ಗೊತ್ತು?

ಸಂಘ-ಸಂಸ್ಥೆಗಳ ಪ್ರತಿಭಾ ಪುರಸ್ಕಾರ ಹತ್ತನೇ, ಹನ್ನೆರಡನೇ ತರಗತಿಗೇ ನಿಲ್ಲಬಾರದು. ಪ್ರತೀ ಸಂಘದಲ್ಲೂ ಬ್ಯಾಂಕಿನಲ್ಲಿ ದುಡಿದ, ಕಾಲೇಜಿನಲ್ಲಿ ಕಲಿಸಿದ ಹಿರಿಯರಿದ್ದಾರೆ. ಪ್ರವೇಶದ ದಿನಗಳಲ್ಲಿ ಅವರು ಒಂದು ಭಾನುವಾರ ಈ ಮಕ್ಕಳೊಂದಿಗೆ ಕುಳಿತು ಲೆಕ್ಕ ಹಾಕಿಕೊಟ್ಟರೆ, ಅದು ಶಾಲು, ಸ್ಮರಣಿಕೆಗಿಂತ ದೊಡ್ಡ ಉಪಕಾರವಾದೀತು.