ಸ್ವಿಚ್ ಆರಿಸಿ ಎಂದು ನಮಗೆ ಬೋಧಿಸುವವರಿಗೆ

ಟಿ.ವಿ. ತಯಾರಿಸುವ ಕಂಪೆನಿಗಳಿಗೆ ಇತ್ತೀಚೆಗೆ ಭೂಮಿತಾಯಿಯ ಮೇಲೆ ಬಹಳ ಪ್ರೀತಿ ಹುಟ್ಟಿದೆ. ಪೆಟ್ಟಿಗೆಯ ಮೇಲೆ ಹಸಿರು ಎಲೆ, ಜಾಹೀರಾತಿನಲ್ಲಿ ಸಸಿ ನೆಡುವ ಮಗು, ಕೆಳಗೆ ನಮಗೊಂದು ಬುದ್ಧಿವಾದ: ಬಳಸದಿದ್ದಾಗ ಸ್ವಿಚ್ ಆರಿಸಿ, ಪರಿಸರ ಉಳಿಸಿ. ಗೃಹಜ್ಯೋತಿಯ ಮಿತಿ ಎಲ್ಲಿ ದಾಟೀತೋ ಎಂದು ಮಕ್ಕಳು ಓದುವ ಕೋಣೆಯೊಂದನ್ನು ಬಿಟ್ಟು ಉಳಿದೆಲ್ಲ ದೀಪ ಆರಿಸಿ ಕೂರುವ ಮಿಲ್ ಕಾರ್ಮಿಕನಿಗೆ ಈ ಪಾಠ!

ಬಂಧುಗಳೇ, ಪಾಠವೇನೂ ಸುಳ್ಳಲ್ಲ. ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವನು ನಾನು. ಮೊದಲು ಲೆಕ್ಕವನ್ನೇ ಮಾಡೋಣ. ರಿಮೋಟಿನಿಂದ ಟಿ.ವಿ. ಆರಿಸಿದರೂ ಗೋಡೆಯ ಸ್ವಿಚ್ ಹಾಕಿಯೇ ಇದ್ದರೆ ಪಕ್ಕದ ಸೆಟ್-ಟಾಪ್ ಬಾಕ್ಸು ಕರೆಂಟು ಎಳೆಯುತ್ತಲೇ ಇರುತ್ತದೆ. ಹಳೆಯ ಬಾಕ್ಸು ಹಗಲಿರುಳು 10 ವ್ಯಾಟ್ ಎಳೆದರೆ ವರ್ಷಕ್ಕೆ ಸುಮಾರು 88 ಯೂನಿಟ್ಟು. ಹಳೆಯ ಫ್ಯಾನು 75 ವ್ಯಾಟಿನದು, ಬಿ.ಎಲ್.ಡಿ.ಸಿ. ಮೋಟರಿನದು 30, ದಿನಕ್ಕೆ 12 ಗಂಟೆ ತಿರುಗಿದರೆ ವರ್ಷದಲ್ಲಿ ಉಳಿಯುವುದು ಸುಮಾರು 197 ಯೂನಿಟ್ಟು. 'ಬಿಲ್ಲೇ ಇಲ್ಲವಲ್ಲ, ನಮಗೇನು?' ಎನ್ನುವವರಿಗೆ ಇಷ್ಟು ಹೇಳುತ್ತೇನೆ: ಬಿಲ್ಲು ಬಾರದಿದ್ದರೂ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಡುತ್ತದೆ, ಅದರ ಬೂದಿ ಸುತ್ತಲಿನ ಬಡವರ ಉಸಿರಿಗೇ ಸೇರುತ್ತದೆ. ಆದ್ದರಿಂದ ಸ್ವಿಚ್ ಆರಿಸೋಣ. ಆದರೆ ನಮಗೆ ಬೋಧಿಸುವ ಮಹಾನುಭಾವರು ತಮ್ಮ ಪಾಲಿನದನ್ನು ಮಾಡುತ್ತಿದ್ದಾರೆಯೆ?

ಹೋದ ವರ್ಷ ನಮ್ಮ ಮನೆಯ ಟಿ.ವಿ. ಕತ್ತಲಾಯಿತು. ಮಾತು ಕೇಳುತ್ತದೆ, ಚಿತ್ರವಿಲ್ಲ. ಕೊಂಡು ನಾಲ್ಕು ವರ್ಷ. ಕಂತು ತೀರಿ ಎರಡು ವರ್ಷವಾಗಿತ್ತು. ಕಂಪೆನಿಯ ಸರ್ವಿಸ್ ಸೆಂಟರಿನ ಹುಡುಗ ಬಂದು ನೋಡಿ, "ಪ್ಯಾನೆಲ್ ಹೋಗಿದೆ ಸಾರ್. ರಿಪೇರಿಗೆ ಹಾಕೋ ದುಡ್ಡಿಗೆ ಹೊಸದೇ ಬರುತ್ತೆ, ಎಕ್ಸ್‌ಚೇಂಜ್ ಇದೆ" ಎಂದ. ಅವನದು ತಪ್ಪಲ್ಲ, ಹೇಳಿಕೊಟ್ಟದ್ದನ್ನು ಹೇಳಿದರೇ ಅವನಿಗೂ ಸಂಬಳ. ಬಸ್ ನಿಲ್ದಾಣದ ಹಿಂದೆ ಆರಡಿ ಅಂಗಡಿಯಲ್ಲಿ ಕೂರುವ, ರೇಡಿಯೋ ಕಾಲದಿಂದ ಸಾಲ್ಡರಿಂಗ್ ಹಿಡಿದ ಹಿರಿಯರ ಬಳಿಗೆ ಹೊತ್ತೊಯ್ದೆ. ಅವರು ಬಿಚ್ಚಿ ತೋರಿಸಿದರು. ಪ್ಯಾನೆಲ್ ಗಟ್ಟಿಯಾಗಿಯೇ ಇತ್ತು. ಸತ್ತದ್ದು ಅದರ ಹಿಂದೆ ಬೆಳಕು ಕೊಡುವ ಎಲ್.ಇ.ಡಿ. ಪಟ್ಟಿ. ಅದನ್ನು ಕಂಪೆನಿ ಇಂಥ ಅಂಗಡಿಗೆ ಕೊಡುವುದಿಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಬೇಕಾಯಿತು. ಕೂಲಿ ಸೇರಿ 1,400 ರೂಪಾಯಿ. ಹೊರಡುವಾಗ ಅವರು, "ಮೇಷ್ಟ್ರೇ, ಬೆಳಕು ಪೂರ್ತಿ ಏರಿಸಿಟ್ಟಿದ್ದೀರಿ. ಅರ್ಧಕ್ಕೆ ಇಳಿಸಿ. ಪಟ್ಟಿ ಬೇಗ ಸುಡಲ್ಲ, ಕರೆಂಟೂ ಕಮ್ಮಿ" ಎಂದರು. ಈ ಮಾತು ಆ ಹಸಿರು ಎಲೆಯ ಕೆಳಗೆ ಏಕೆ ಅಚ್ಚಾಗಲಿಲ್ಲ?

ಹಳೆಯ ಫ್ಯಾನನ್ನೂ ಹಳೆಯ ಗಾಜಿನ ಬಲ್ಬನ್ನೂ ಬದಲಾಯಿಸುವುದರಲ್ಲಿ ಅರ್ಥವಿದೆ, ಫ್ಯಾನಿನ ಲೆಕ್ಕ ಮೇಲೆಯೇ ಇದೆ. ಮೊಬೈಲಿನ ಮಾತು ಬೇರೆ. ಅದು ತನ್ನ ಬಾಳಿನಲ್ಲಿ ಹೊರಬಿಡುವ ಹೊಗೆಯ ಹೆಚ್ಚಿನ ಪಾಲು ನಾವು ಬಳಸುವಾಗಿನದಲ್ಲ. ಗಣಿಯಲ್ಲಿ, ಕಾರ್ಖಾನೆಯಲ್ಲಿ ಅದನ್ನು ಮಾಡುವಾಗಲೇ ಹೊರಬಿದ್ದಿರುತ್ತದೆ. ಮೂರು ವರ್ಷಕ್ಕೆ ಎಸೆಯುವುದನ್ನು ಆರು ವರ್ಷ ಬಳಸಿದರೆ ಆ ಹೊಗೆ ಅರ್ಧಕ್ಕಿಳಿಯಿತು. ಹಾಗಿರುವಾಗ ಬ್ಯಾಟರಿಯನ್ನು ಅಂಟು ಹಾಕಿ ಒಳಗೆ ಬಿಗಿಯುವವರು ಯಾರು? ನಾವೆ?

ಇದು ಹೊಸ ಕಸುಬೂ ಅಲ್ಲ. 1924ರ ಡಿಸೆಂಬರಿನಲ್ಲಿ ಜಿನೀವಾ ನಗರದಲ್ಲಿ ಓಸ್ರಾಮ್, ಫಿಲಿಪ್ಸ್ ಮೊದಲಾದ ಬಲ್ಬು ಕಂಪೆನಿಗಳು 'ಫೀಬಸ್' ಎಂಬ ಕೂಟ ಕಟ್ಟಿಕೊಂಡವು. ಅದಕ್ಕಿಂತ ಹೆಚ್ಚು ಕಾಲ ಉರಿಯುತ್ತಿದ್ದ ಬಲ್ಬಿನ ಆಯುಸ್ಸನ್ನು 1,000 ಗಂಟೆಗೆ ಇಳಿಸಿದವು. ಯಾವ ಕಾರ್ಖಾನೆಯ ಬಲ್ಬು ಹೆಚ್ಚು ದಿನ ಬಾಳಿತೋ ಅದಕ್ಕೆ ದಂಡ! ಬೆಳಕು ಪ್ರಖರವಾಗಲೆಂದು ಹೀಗೆ ಮಾಡಿದೆವೆಂದು ಸಬೂಬು ಹೇಳಿದರು. ಸಬೂಬಿನಲ್ಲಿ ತುಸು ನಿಜವೂ ಉಂಟು. ತಂತಿ ಹೆಚ್ಚು ಕಾದಷ್ಟೂ ಬೆಳಕು ಹೆಚ್ಚು, ಆಯುಸ್ಸು ಕಡಿಮೆ. ಆದರೆ ಗಿರಾಕಿಗೆ ಯಾವುದು ಬೇಕೆಂದು ಗಿರಾಕಿಯನ್ನು ಕೇಳಿದವರಾರು?

ಇನ್ನು ಎಸೆದ ಸರಕಿನ ಗತಿ. ದಿಲ್ಲಿಯ ಸೀಲಂಪುರದಲ್ಲಿ ಬಡವರು ತಾಮ್ರಕ್ಕಾಗಿ ವೈರು ಸುಟ್ಟು ಆ ಹೊಗೆ ಕುಡಿದಿದ್ದಾರೆ. ಉತ್ತರ ಪ್ರದೇಶದ ಮುರಾದಾಬಾದಿನಲ್ಲಿ ಬೋರ್ಡುಗಳನ್ನು ಆ್ಯಸಿಡ್ಡಿನಲ್ಲಿ ತೊಳೆದಿದ್ದಾರೆ. ಮಾರಿದವನೇ ಹಳೆಯ ಸರಕಿನ ವಿಲೇವಾರಿಗೂ ಹೊಣೆ ಎಂದು 2022ರ ಇ-ತ್ಯಾಜ್ಯ ನಿಯಮಗಳು ಹೇಳುತ್ತವೆ. ಅವು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಸರಿಯಾಗಿ ಸಂಸ್ಕರಿಸುವವರಿಗೆ ಮನೆಬಳಕೆಯ ಸರಕಿನ ಕಿಲೋ ಒಂದಕ್ಕೆ ಕನಿಷ್ಠ 22 ರೂಪಾಯಿ ಕೊಡಿರೆಂದು ಕೇಂದ್ರ ಸರ್ಕಾರ ಗೊತ್ತುಮಾಡಿದಾಗ ಏನಾಯಿತು? ಸ್ಯಾಮ್‌ಸಂಗ್, ಎಲ್.ಜಿ., ಡಾಯ್ಕಿನ್ ಮೊದಲಾದವು ದಿಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದವು. ಸಾವಿರಾರು ರೂಪಾಯಿಯ ಸರಕು ಮಾರುವವರಿಗೆ ಕಿಲೋಗೆ 22 ರೂಪಾಯಿ ಭಾರವಾಯಿತು! ಹಸಿರು ಎಲೆಯ ನಿಜವಾದ ಬೆಲೆ ಅಲ್ಲಿ ಗೊತ್ತಾಯಿತು.

ಐರೋಪ್ಯ ಒಕ್ಕೂಟದಲ್ಲಿ ಟಿ.ವಿ.ಯ ಕೆಲವು ಬಿಡಿಭಾಗಗಳನ್ನು, ಆ ಮಾದರಿಯ ಕೊನೆಯ ಸರಕು ಪೇಟೆಗೆ ಬಂದ ಮೇಲೂ 7 ವರ್ಷ ರಿಪೇರಿಯವರಿಗೆ ಒದಗಿಸಬೇಕೆಂಬ ನಿಯಮ 2021ರಿಂದ ಇದೆ. ಅಲ್ಲಿ ಮಾರುವ ಕಂಪೆನಿಗಳೇ ಇಲ್ಲಿಯೂ ಮಾರುತ್ತಿರುವುದು. ನಮ್ಮಲ್ಲಿ 2022ರಲ್ಲಿ ಒಂದು ಸಮಿತಿ ಆಯಿತು, ರಿಪೇರಿ ಹಕ್ಕಿನ ಪೋರ್ಟಲ್ ಒಂದು ಬಂತು. ಪೋರ್ಟಲಿನಿಂದ ಎಲ್.ಇ.ಡಿ. ಪಟ್ಟಿ ಉದುರುತ್ತದೆಯೆ? ಬೇಕಾದದ್ದು ಕಾಯಿದೆ: ಬಿಡಿಭಾಗವನ್ನೂ ಸರ್ಕ್ಯೂಟಿನ ನಕ್ಷೆಯನ್ನೂ ಬೀದಿಯ ರಿಪೇರಿಯವನಿಗೂ ನ್ಯಾಯವಾದ ಬೆಲೆಗೆ ಕೊಡಲೇಬೇಕೆಂಬ ಕಾಯಿದೆ. ಇದು ಕಾರ್ಮಿಕನ ಕಂತಿನ ಪ್ರಶ್ನೆ, ಆರಡಿ ಅಂಗಡಿಯವನ ಅನ್ನದ ಪ್ರಶ್ನೆ. ಇಬ್ಬರೂ ಕೂಡಿಯೇ ಕೇಳಬೇಕು.

ಹಬ್ಬದ ಮಾರಾಟಕ್ಕೆ ಶೋರೂಮಿಗೆ ಹೋಗುವ ಬಂಧುಗಳು ರಿಯಾಯಿತಿ ಎಷ್ಟೆಂದು ಕೇಳುವ ಮೊದಲು, ಇದರ ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆಂದು ಕೇಳಿ, ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಬರೆದುಕೊಡಲು ಒಲ್ಲೆನೆಂದರೆ ಆ ಮಾದರಿಯ ಹೆಸರನ್ನು ಯೂನಿಯನ್ ಕಚೇರಿಯ ಬೋರ್ಡಿನ ಮೇಲೆ ಬರೆಯಿರಿ.