ಬೆಟ್ಟಕ್ಕೂ ಧಣಿಯ ಕೊಳಗವೇ?

ಬೆಟ್ಟವೆಂದರೆ ಅಲುಗದ ವಸ್ತು ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಸರ್ಕಾರದ ಕಾಗದದಲ್ಲಿ ಬೆಟ್ಟವೂ ಅಲುಗುತ್ತದೆ. ಬೇಕಾದಾಗ ಹಿಗ್ಗುತ್ತದೆ, ಬೇಡವಾದಾಗ ಕುಗ್ಗುತ್ತದೆ. ನಮ್ಮ ಸಹ್ಯಾದ್ರಿಯ ಗತಿಯೇ ಇದಕ್ಕೆ ಸಾಕ್ಷಿ.

ಪುರಾಣಗಳು ಏಳು ಕುಲಪರ್ವತಗಳನ್ನು ಹೇಳುವಾಗ ಸಹ್ಯವನ್ನು ಬೇರೆ, ಮಲಯವನ್ನು ಬೇರೆ ಎಣಿಸಿದವು. ನಮ್ಮ ಜನಕ್ಕೆ ಘಾಟಿಯೆಂದರೆ ಹತ್ತಿ ಇಳಿಯುವ ದಾರಿ. ಇಂಗ್ಲಿಷರು ಆ ದಾರಿಯ ಹೆಸರನ್ನೇ ತಪತಿ ನದಿಯಿಂದ ಕನ್ಯಾಕುಮಾರಿಯವರೆಗಿನ ಇಡೀ ಸಾಲಿಗೆ ಇಟ್ಟರು. ಭೂವಿಜ್ಞಾನಿಗಳು ಬಂದು, ಇದು ಹಿಮಾಲಯದಂತೆ ಮಡಿಕೆಬಿದ್ದು ಎದ್ದ ಪರ್ವತವಲ್ಲ, ದಖ್ಖನ್ ಪ್ರಸ್ಥಭೂಮಿಯ ಪಡುವಣ ಅಂಚು ಎಂದರು. ಇವುಗಳಿಂದ ಯಾರ ಮನೆಯ ಒಲೆಯೂ ಆರಲಿಲ್ಲ. ಬೆಟ್ಟದ ಗಡಿಗೆ ಹಣವೂ ಕಾನೂನೂ ತಗುಲಿಕೊಂಡ ದಿನದಿಂದ ತಕರಾರು ಹುಟ್ಟಿತು.

1974–75ರಲ್ಲಿ ಪಶ್ಚಿಮಘಟ್ಟ ಅಭಿವೃದ್ಧಿ ಕಾರ್ಯಕ್ರಮ ಆರಂಭವಾಯಿತು. ಹಣ ಹಂಚಬೇಕಾದ್ದರಿಂದ ಬೆಟ್ಟವು ತಾಲ್ಲೂಕುಗಳ ಪಟ್ಟಿಯಾಯಿತು. ಆ ಪಟ್ಟಿ ಬೆಳೆದು 171 ತಾಲ್ಲೂಕು ಮುಟ್ಟಿತು. 2011ರಲ್ಲಿ ಮಾಧವ ಗಾಡ್ಗೀಳರ ಸಮಿತಿ ಘಟ್ಟದ ವಿಸ್ತಾರ 1,29,037 ಚದರ ಕಿಲೋಮೀಟರ್ ಎಂದಿತು. 2013ರಲ್ಲಿ ಕಸ್ತೂರಿರಂಗನ್ ಸಮಿತಿ 1,64,280 ಎಂದಿತು. ಎರಡು ವರ್ಷದಲ್ಲಿ ಬೆಟ್ಟ ಬೆಳೆಯಿತೇ? ಬೆಟ್ಟ ಇದ್ದಲ್ಲೇ ಇತ್ತು, ಅಳತೆಗೋಲು ಬದಲಾಗಿತ್ತು.

ಇನ್ನು ರಕ್ಷಣೆಯ ಮಾತು. ಇಡೀ ಘಟ್ಟವೇ ಸೂಕ್ಷ್ಮ, ಅದನ್ನು ಮೂರು ದರ್ಜೆ ಮಾಡಿ ಕಾಯಬೇಕು ಎಂದರು ಗಾಡ್ಗೀಳರು. ಕಸ್ತೂರಿರಂಗನ್ ಸಮಿತಿಗೆ ನೂರರಲ್ಲಿ 37 ಪಾಲು, ಅಂದರೆ ಸುಮಾರು 60,000 ಚದರ ಕಿಲೋಮೀಟರ್ ಸಾಕೆನಿಸಿತು. 2014ರ ಮಾರ್ಚ್ ತಿಂಗಳ ಕರಡು ಅಧಿಸೂಚನೆಯಲ್ಲಿ ಅದು 56,825ಕ್ಕೆ ಇಳಿಯಿತು. ಕೇರಳವೊಂದರಲ್ಲೇ 13,108 ಇದ್ದದ್ದು 9,993 ಆಯಿತು. ಮೂರು ಸಾವಿರ ಚದರ ಕಿಲೋಮೀಟರ್ ಸೂಕ್ಷ್ಮ ಬೆಟ್ಟ ಒಂದು ವರ್ಷದೊಳಗೆ ಒರಟಾಗಿ ಹೋಯಿತೆಂದು ನಾವು ನಂಬಬೇಕಂತೆ! 2024ರ ಜುಲೈವರೆಗೆ ಆರು ಕರಡುಗಳು ಬಂದವು. ಆ ಹತ್ತು ವರ್ಷಗಳಲ್ಲಿ ಒಂದೂ ಅಂತಿಮವಾಗಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ಆ ವರದಿಯೇ ಬೇಡವೆಂದಿತು.

ಇದು ನಮ್ಮ ಘಟ್ಟದ ಪಾಡು ಮಾತ್ರವಲ್ಲ. ಉತ್ತರದ ಅರಾವಳಿಯಲ್ಲಿ, ಸುತ್ತಲಿನ ನೆಲಕ್ಕಿಂತ 100 ಮೀಟರ್ ಎತ್ತರವಿದ್ದರೆ ಮಾತ್ರ ಅರಾವಳಿ ಬೆಟ್ಟ ಎಂಬ ವ್ಯಾಖ್ಯೆಯನ್ನು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಒಪ್ಪಿತು. ಗಣಿಯವರ ಬಾಯಿಗೆ ಸಣ್ಣ ಗುಡ್ಡಗಳೆಲ್ಲ ತುತ್ತಾಗುವುವೆಂದು ಜನ ಬೀದಿಗಿಳಿದರು. ಡಿಸೆಂಬರಿನಲ್ಲಿ ಅದೇ ಕೋರ್ಟು ತನ್ನ ಆದೇಶವನ್ನು ತಡೆಹಿಡಿಯಿತು. ಬೆಟ್ಟ ಯಾವುದು, ದಿಣ್ಣೆ ಯಾವುದು ಎಂಬುದು ಬರಿಯ ಭೂಗೋಳದ ಪಾಠವಲ್ಲವೆಂದು ಆ ಜನ ತೋರಿಸಿಕೊಟ್ಟರು.

ಮಲೆನಾಡಿನವರಿಗೆ ಇದು ಹೊಸ ಪಾಠವಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಕೊಳಗದ ಅಳತೆಯ ಪ್ರಶ್ನೆಯ ಮೇಲೆ. ಗೇಣಿ ಅಳೆಯುವಾಗ ಧಣಿಯ ಕೊಳಗ ದೊಡ್ಡದಾಗುತ್ತಿತ್ತು. ಕೊಳಗ ಯಾರ ಕೈಯಲ್ಲಿದೆಯೋ ಭತ್ತ ಅವರದು. ಇಂದು ಬೆಟ್ಟದ ಕೊಳಗವೂ ಹಾಗೆಯೇ ಧಣಿಗಳ ಮತ್ತು ಅಧಿಕಾರಿಗಳ ಕೈಯಲ್ಲಿದೆ.

ಕುದುರೆಮುಖವನ್ನು ನೋಡಿ. 1987ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದರು. ಕಾಡಿನೊಳಗಿನ ಬಡ ಕುಟುಂಬಗಳಿಗೆ ಒಕ್ಕಲೇಳುವ ಭಯ ಅಂಟಿತು. ಅದೇ ಬೆಟ್ಟದಲ್ಲಿ ಅದಿರು ಅಗೆಯುವ ಕೆಲಸ ಮಾತ್ರ, ಸುಪ್ರೀಂ ಕೋರ್ಟು ನಿಲ್ಲಿಸುವ ತನಕ, 2005ರ ಕೊನೆಯವರೆಗೂ ನಡೆಯಿತು. ಗುದ್ದಲಿಗೆ ಒಂದು ಗಡಿ, ಯಂತ್ರಕ್ಕೆ ಇನ್ನೊಂದು ಗಡಿ! ಲಿಂಗನಮಕ್ಕಿಗಾಗಿ ಊರು ಬಿಟ್ಟವರಲ್ಲಿ ಎಷ್ಟೋ ಮಂದಿ ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಅವರನ್ನು ತಂದು ಕೂರಿಸಿದ್ದು ಸರ್ಕಾರ. ಆ ನೆಲ ಅರಣ್ಯವೆನ್ನುವುದೂ ಸರ್ಕಾರ.

ಹಾಗೆಂದು ರಕ್ಷಣೆಯೇ ಬೇಡವೆನ್ನುವವರ ಜೊತೆ ನಾವು ನಿಲ್ಲುವುದಿಲ್ಲ. “ವರದಿ ಬಂದರೆ ತೋಟ ಹೋಗುತ್ತದೆ, ಊರು ಹೋಗುತ್ತದೆ” ಎಂದು ಊರೂರಲ್ಲಿ ಡಂಗುರ ಹೊಡೆಸುತ್ತಿರುವವರು ಯಾರು? ಕರಡು ಓದಿ ನೋಡಿ. ಅದು ತಡೆಯುವುದು ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ ಕಾರ್ಖಾನೆ, 20,000 ಚದರ ಮೀಟರ್ ಮೀರಿದ ಕಟ್ಟಡ. ಎರಡೆಕರೆ ಗದ್ದೆಯವನು ಅಷ್ಟು ದೊಡ್ಡ ಕಟ್ಟಡ ಕಟ್ಟುತ್ತಾನೆಯೇ? ಕ್ವಾರಿಯ ಯಜಮಾನ, ರೆಸಾರ್ಟಿನ ಮಾಲೀಕ, ದೊಡ್ಡ ಎಸ್ಟೇಟಿನ ಸಾಹುಕಾರ ತಮ್ಮ ಅಂಜಿಕೆಯನ್ನು ಬಡವನ ಬಾಯಿಂದ ಆಡಿಸುತ್ತಿದ್ದಾರೆ.

ಆದರೆ ರೈತನ ಅನುಮಾನಕ್ಕೂ ಕಾರಣವಿದೆ. ಆಕಾಶದ ಉಪಗ್ರಹದಿಂದ ಚಿತ್ರ ತೆಗೆದು, ಗ್ರಾಮದ ನೂರಕ್ಕೆ 20 ಪಾಲು ಸೂಕ್ಷ್ಮವಾಗಿದ್ದರೆ ಇಡೀ ಗ್ರಾಮವನ್ನೇ ಪಟ್ಟಿಗೆ ಸೇರಿಸಿದರು. ಊರಿನವರನ್ನು ಕೇಳಿದವರಾರು? ಗಡಿಯನ್ನು ಗ್ರಾಮಸಭೆಗಳೊಡನೆ ಚರ್ಚಿಸಿಯೇ ಗೊತ್ತುಮಾಡಬೇಕೆಂದು ಗಾಡ್ಗೀಳರು ಬರೆದಿದ್ದರು. ಆ ವರದಿಯನ್ನು ಮಂತ್ರಾಲಯ ಬೀರುವಿನಲ್ಲಿಟ್ಟುಕೊಂಡಿತು. 2012ರಲ್ಲಿ ದೆಹಲಿ ಹೈಕೋರ್ಟು ಹೇಳಿದ ಮೇಲೆಯೇ ಅದು ಹೊರಬಿದ್ದದ್ದು. ಜನರನ್ನು ಕೇಳೆಂದ ವರದಿಯನ್ನೇ ಜನರಿಂದ ಮುಚ್ಚಿಟ್ಟ ಸರ್ಕಾರವಿದು!

ಜನರಿಗೆ ಬಿಟ್ಟರೆ ಬೆಟ್ಟ ಉಳಿಯದೆನ್ನುವ ಪಂಡಿತರು ಒಡಿಶಾದ ನಿಯಮಗಿರಿಯ ಕಡೆ ನೋಡಲಿ. 2013ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ 12 ಗ್ರಾಮಸಭೆಗಳು ಸೇರಿದವು. ಬಾಕ್ಸೈಟ್ ಗಣಿ ಬೇಡವೆಂದು ಹನ್ನೆರಡಕ್ಕೆ ಹನ್ನೆರಡೂ ಹೇಳಿದವು. ಅಕ್ಷರ ಬಾರದ ಡೋಂಗ್ರಿಯಾ ಕೊಂಧರು ತಮ್ಮ ಬೆಟ್ಟದ ವ್ಯಾಖ್ಯೆಯನ್ನು ತಾವೇ ಬರೆದರು.

ನಮ್ಮ ಒತ್ತಾಯ ಇಷ್ಟು. ಪಟ್ಟಿಯಲ್ಲಿರುವ ಪ್ರತಿ ಗ್ರಾಮದ ನಕ್ಷೆಯನ್ನು ಸರ್ವೆ ನಂಬರಿನ ಸಮೇತ ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದಬೇಕು. 2006ರ ಅರಣ್ಯ ಹಕ್ಕು ಕಾಯಿದೆಯಂತೆ ಬಡವರ ಅರ್ಜಿಗಳನ್ನು ಮೊದಲು ತೀರ್ಮಾನಿಸಿ, ಅನಂತರ ಗೆರೆ ಎಳೆಯಬೇಕು. ಒಮ್ಮೆ ಎಳೆದ ಗೆರೆಯನ್ನು ಗಣಿಗಾಗಲಿ, ಸರ್ಕಾರದ್ದೇ ಅಣೆಕಟ್ಟಿಗಾಗಲಿ, ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಸರಿಸಕೂಡದು.

ಸಂಗಾತಿಗಳೇ, ನಿಮ್ಮ ಗ್ರಾಮ ಪಟ್ಟಿಯಲ್ಲಿದೆಯೇ ಎಂದು ಪಂಚಾಯಿತಿ ಕಚೇರಿಗೆ ಹೋಗಿ ಕೇಳಿರಿ. ನಕ್ಷೆ ತೋರಿಸೆನ್ನಿರಿ. ತೋರಿಸದಿದ್ದರೆ ಗ್ರಾಮಸಭೆ ಕರೆಸಿ, ನಿರ್ಣಯ ಬರೆಸಿ, ಹೆಬ್ಬೆಟ್ಟೊತ್ತಿ ಕಳುಹಿಸಿರಿ. ಕೊಳಗವನ್ನು ನಾವು ಕೈಗೆ ತೆಗೆದುಕೊಳ್ಳದೆ ಅಳತೆ ಸರಿಹೋಗದು.