ಗೇಟಿನ ಆಚೆಯ ಕತ್ತಲು

"ಜಾಸ್ತಿ ವ್ಯಾಟ್ ಹಾಕ್ಬಿಡಿ, ಆನೆನೂ ಬರಲ್ಲ, ಕಳ್ಳನೂ ಬರಲ್ಲ." ಮಿನಿ ಪ್ರಾಜೆಕ್ಟಿಗೆಂದು ಗೋಣಿಕೊಪ್ಪಲಿನ ಸುತ್ತಮುತ್ತ ಕಾಫಿ ಗೋದಾಮುಗಳ ಹೊರಾಂಗಣ ಲೈಟಿಂಗ್ ನೋಡಲು ಹೋಗಿದ್ದಾಗ ಒಬ್ಬ ಮೇಸ್ತ್ರಿ ನಮಗೆ ಕೊಟ್ಟ ಸಲಹೆ ಇದು. ನಿಜ ಹೇಳಬೇಕೆಂದರೆ ನಮ್ಮ ಮೊದಲ ಡಿಸೈನೂ ಅದೇ ಆಗಿತ್ತು. ದಸರಾ ಮಂಟಪಗಳ ಲೈಟು ನೋಡಿಕೊಂಡು ಬೆಳೆದ ಊರಿನವರು ನಾವು. ಬೆಳಕು ಅಂದ್ರೆ ಕಣ್ಣು ಕುಕ್ಕಲೇಬೇಕು ಅನ್ನೋದು ತಲೆಯಲ್ಲಿ ಕೂತುಬಿಟ್ಟಿದೆ.

ಆವತ್ತು ನೋಡಿದ ಒಂದು ಯಾರ್ಡಿನ ಕಥೆ ಕೇಳಿ. ಜನವರಿ, ರೊಬಸ್ಟಾ ಕೊಯ್ಲಿನ ಸಮಯ, ಲಾರಿಗಳು ಸಾಲಾಗಿ ನಿಂತಿದ್ದವು. ಶೆಡ್ಡಿನ ಚಾವಣಿಯ ತುದಿಯಲ್ಲಿ ನಾಲ್ಕು ಫ್ಲಡ್‌ಲೈಟ್. ದೂರದ ಮೂಲೆಗೂ ಬೆಳಕು ಮುಟ್ಟಲಿ ಅಂತ ನಾಲ್ಕನ್ನೂ ಮೇಲಕ್ಕೆ ಎತ್ತಿ ಕಟ್ಟಿದ್ದರು. ಅಂಗಳದ ಮಧ್ಯೆ ನಿಂತರೆ ಹಗಲಿನ ಹಾಗೆ ಇತ್ತು. ಆದರೆ ಲಾರಿಯ ಹಿಂದೆ, ಮೂಟೆ ಇಳಿಸುವ ಜಾಗದಲ್ಲಿ ಲಾರಿಯದೇ ನೆರಳು, ಕಗ್ಗತ್ತಲು. ಹಮಾಲರು ತಲೆಗೆ ಟಾರ್ಚ್ ಕಟ್ಟಿಕೊಂಡು ಹಲಗೆ ಮೇಲೆ ನಡೀತಿದ್ದರು. ಸಾವಿರಾರು ವ್ಯಾಟ್ ಉರೀತಿದೆ, ಕೆಲಸ ಮಾತ್ರ ಟಾರ್ಚಿನಲ್ಲಿ!

ಎಂಟೂವರೆಗೆ ಅವರ ಜೊತೆಗೇ ಹೊರಟೆವು. ಗೇಟು ದಾಟಿ ತೋಟದ ರಸ್ತೆಗೆ ಕಾಲಿಟ್ಟರೆ ಏನೂ ಕಾಣ್ತಿಲ್ಲ. ನಾನು ಸರಸರ ಮುಂದೆ ಹೋಗುತ್ತಿದ್ದೆ. ಒಬ್ಬರು ತೋಳು ಹಿಡಿದು ನಿಲ್ಲಿಸಿದರು: "ನಿಲ್ಲಿ ಸಾರ್, ಕಣ್ಣಿಗೆ ಸ್ವಲ್ಪ ಕತ್ತಲು ಹೊಂದಲಿ." ದಿನಾ ರಾತ್ರಿ ಲೈನ್ ಮನೆಗೆ ಹೋಗುವ ಮುಂಚೆ ಅವರೆಲ್ಲ ಅಲ್ಲಿ ಐದು ನಿಮಿಷ ನಿಂತು ಕಿವಿಗೊಟ್ಟು ಕೇಳಿ ಆಮೇಲೆ ಹೋಗುತ್ತಾರಂತೆ. ಹತ್ತು ಹೆಜ್ಜೆ ಮುಂದೆ ರಸ್ತೆ ಮೇಲೆ ಹಸಿ ಲದ್ದಿ ಬಿದ್ದಿತ್ತು. ತಿತಿಮತಿ, ಮಾಯಮುಡಿ ಕಡೆಯ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೋಟದಲ್ಲಿ ಆನೆ ಎದುರಾಗಿ ಕಾರ್ಮಿಕರು ಸತ್ತ ಸುದ್ದಿ ನಾವು ಓದುತ್ತಲೇ ಇರುತ್ತೇವೆ.

ನನ್ನ ವಾದ ಇಷ್ಟೇ: ಆ ಫ್ಲಡ್‌ಲೈಟ್ ಯಾರ್ಡನ್ನು ಕಾಯುತ್ತಿರಬಹುದು, ಯಾರ್ಡಿನಿಂದ ಮನೆಗೆ ಹೋಗುವವರನ್ನಲ್ಲ. ಅವರಿಗೆ ಅದು ತೊಂದರೆಯೇ ಮಾಡುತ್ತಿದೆ.

ಲೆಕ್ಕ ನೋಡಿ. ಹುಣ್ಣಿಮೆಯ ಬೆಳದಿಂಗಳು ಕಾಲು ಲಕ್ಸ್ ಆದರೆ ಹೆಚ್ಚು. ಸಿಲ್ವರ್ ಓಕಿನ ನೆರಳಲ್ಲಿ ಅದೂ ಇಲ್ಲ. ಗೇಟಿನ ಹತ್ತಿರ ನಾವು ಅಳೆದಾಗ ಸಿಕ್ಕಿದ್ದು 60 ಲಕ್ಸ್. ಒಂದೇ ಹೆಜ್ಜೆಯಲ್ಲಿ ನೂರಾರು ಪಟ್ಟು ವ್ಯತ್ಯಾಸ. ಕಣ್ಣಿನ ರಾಡ್ ಕೋಶಗಳು ಪೂರ್ತಿ ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಮೇಲೆ ಎತ್ತಿ ಕಟ್ಟಿದ ಲೈಟಿನ ಬೆಳಕು ಬೇಲಿ ದಾಟಿ ರಸ್ತೆಯವರೆಗೂ ಬೆನ್ನು ಹತ್ತುತ್ತದೆ. ಒಮ್ಮೆ ಹಿಂತಿರುಗಿ ನೋಡಿದರೆ ಮತ್ತೆ ಮೊದಲಿನಿಂದ ಶುರು.

ಹಾಗಾದರೆ ಎಷ್ಟು ಬೇಕು? ಹೊರಾಂಗಣ ಕೆಲಸದ ಜಾಗಗಳಿಗೆಂದೇ ಇರುವ ಯುರೋಪಿನ ಇಎನ್ 12464-2 ಮಾನದಂಡ ನೋಡಿದರೆ ಆಶ್ಚರ್ಯ ಆಗುತ್ತೆ. ಬರೀ ಜನ ಓಡಾಡುವ ದಾರಿಗೆ 5 ಲಕ್ಸ್, ನಿಧಾನ ಹೋಗುವ ವಾಹನಗಳಿಗೆ 10, ಮಾಮೂಲಿ ವಾಹನ ಸಂಚಾರಕ್ಕೆ 20, ಲೋಡಿಂಗ್ ಮಾಡುವ ಜಾಗಕ್ಕೆ 50. ಅಂದರೆ 50 ಬೇಕಾಗಿರುವುದು ಲಾರಿಯ ಹಿಂಭಾಗದಲ್ಲಿ. ಅಲ್ಲೇ ಸೊನ್ನೆ ಇತ್ತು!

60 ಮೀಟರ್ ಉದ್ದ, 40 ಮೀಟರ್ ಅಗಲದ ಅಂಗಳ ತಗೊಳ್ಳಿ. ಸರಾಸರಿ 20 ಲಕ್ಸ್ ಅಂದರೆ ನೆಲದ ಮೇಲೆ 48,000 ಲ್ಯೂಮೆನ್. ಯುಟಿಲೈಸೇಷನ್ ಫ್ಯಾಕ್ಟರ್ 0.5, ಮೇಂಟೆನೆನ್ಸ್ ಫ್ಯಾಕ್ಟರ್ 0.7 ಇಟ್ಟರೆ ಫಿಕ್ಸ್ಚರ್‌ಗಳಿಂದ ಸುಮಾರು 1,37,000 ಲ್ಯೂಮೆನ್ ಬರಬೇಕು. ವ್ಯಾಟಿಗೆ 120 ಲ್ಯೂಮೆನ್ ಕೊಡುವ ಎಲ್‌ಇಡಿಯಾದರೆ 150 ವ್ಯಾಟಿನ ಎಂಟು ಸಾಕು. ಒಂದೇ ಕಡೆ ಗುಂಪು ಹಾಕದೆ ಎಂಟು ಕಂಬಗಳಿಗೆ ಹಂಚಿ, ಗಾಜು ನೆಲಕ್ಕೆ ಸಮಾನಾಂತರವಾಗಿರುವ ಹಾಗೆ ಕಟ್ಟಿದರೆ ಲಾರಿಯ ನೆರಳು ಎಲ್ಲಿ ಬಿದ್ದರೂ ಇನ್ನೊಂದು ಕಡೆಯಿಂದ ಬೆಳಕು ಇರುತ್ತದೆ. ಬೇಲಿಯ ಆಚೆಗೂ ಹೆಚ್ಚು ಚೆಲ್ಲುವುದಿಲ್ಲ. ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಶೇ 30ಕ್ಕೆ ಇಳಿಸಿ, ಲಾರಿ ಬಂದಾಗ ಮಾತ್ರ ಸೆನ್ಸರ್ ಪೂರ್ತಿ ಏರಿಸಿದರೆ ರಾತ್ರಿಗೆ ಐದು ಯೂನಿಟ್ಟಿನಷ್ಟು ಉಳಿತಾಯ. ಕಂಬಗಳ ಖರ್ಚು ಮೊದಲಿಗೆ ಜಾಸ್ತಿಯೇ, ಅದನ್ನು ಮುಚ್ಚಿಡಲ್ಲ.

ಗೇಟಿನ ಹತ್ತಿರ ಒಂದು ಕೆಲಸ ಬೇರೆಯೇ ಮಾಡಬೇಕು: ಬೆಳಕನ್ನು ಮೆಟ್ಟಿಲಿನ ಹಾಗೆ ಇಳಿಸುತ್ತಾ ಬರಬೇಕು. 20, 10, 5, ಆಮೇಲೆ ರಸ್ತೆಯಲ್ಲಿ ಮೊಣಕಾಲೆತ್ತರದ ಎರಡು ಮೂರು ಸಣ್ಣ ಲೈಟು. ಕಣ್ಣು ನಡೀತಾ ನಡೀತಾನೇ ಹೊಂದಿಕೊಳ್ಳಲು ಶುರು ಮಾಡುತ್ತದೆ.

"ಹಳದಿ ಲೈಟು ಮಂಜನ್ನು ಸೀಳುತ್ತೆ" ಅಂತ ನಮ್ಮ ಕ್ಲಾಸಿನಲ್ಲೂ ಹೇಳಿದವರಿದ್ದಾರೆ. ಮಂಜಿನ ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಎಷ್ಟೋ ದೊಡ್ಡವು, ಬಣ್ಣ ನೋಡಿ ಚದುರಿಸುವುದಿಲ್ಲ. ಜುಲೈನ ಮಂಜಿನಲ್ಲಿ ವ್ಯಾಟ್ ಏರಿಸಿದಷ್ಟೂ ಬಿಳಿ ಗೋಡೆ ದಪ್ಪ ಆಗುತ್ತೆ, ಅಷ್ಟೇ. ಆದರೂ ನಾನು 3000 ಕೆಲ್ವಿನ್ ಕಡೆಗೇ ವೋಟು ಹಾಕುತ್ತೇನೆ. ನೀಲಿ ಅಂಶ ಕಡಿಮೆ ಇದ್ದರೆ ಚುಚ್ಚುವಿಕೆ ಕಡಿಮೆ, ಹುಳುಗಳೂ ಕಡಿಮೆ. ಮೊದಲ ಮಳೆಯ ಸಂಜೆ ಮಳೆಹುಳ ಮುತ್ತಿ ಫಿಕ್ಸ್ಚರಿನ ಗಾಜು ಏನಾಗುತ್ತೆ ಅಂತ ಇಲ್ಲಿಯವರಿಗೆ ಗೊತ್ತು. ಮೇಂಟೆನೆನ್ಸ್ ಫ್ಯಾಕ್ಟರ್ ಅಂದರೆ ಏನು ಅಂತ ನನಗೆ ಪುಸ್ತಕಕ್ಕಿಂತ ಚೆನ್ನಾಗಿ ಹೇಳಿಕೊಟ್ಟದ್ದು ಆ ರೆಕ್ಕೆಗಳೇ.

ಬೆಳಕು ಕಂಡರೆ ಆನೆ ಬರಲ್ಲ ಅನ್ನೋ ಮಾತಿಗೆ ಆ ಲದ್ದಿಯೇ ಉತ್ತರ ಕೊಟ್ಟಾಗಿದೆ. ಗೇಟಿನಿಂದ ಹತ್ತೇ ಹೆಜ್ಜೆ.

ನಮ್ಮ ರಿಪೋರ್ಟ್ ಓದಿದ ಯಾರ್ಡಿನವರು ಎಂಟು ಕಂಬ ಹಾಕಿಸಲ್ಲ ಅಂದರು. ಸರಿ, ಇರುವುದನ್ನಾದರೂ ಬಗ್ಗಿಸಿ ಅಂದೆವು. ಎಲೆಕ್ಟ್ರಿಷಿಯನ್ ಏಣಿ ಹಾಕಿ, ಸ್ಪ್ಯಾನರ್ ಹಿಡಿದು ಅರ್ಧ ಗಂಟೆಯಲ್ಲಿ ಎರಡು ಲೈಟುಗಳನ್ನು ಕೆಳಗೆ ತಿರುಗಿಸಿದರು. ಗೇಟಿನ ಹೊರಗೆ ನಿಂತು ನೋಡಿದರೆ ಬೇಲಿಯಾಚೆಯ ಕಾಫಿ ಗಿಡದ ಸಾಲು ಕಾಣುತ್ತಿತ್ತು. ಉಳಿದೆರಡರ ಬೋಲ್ಟು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಈ ಶನಿವಾರ ಡಬ್ಲ್ಯೂಡಿ-40 ತಗೊಂಡು ಮತ್ತೆ ಹೋಗ್ತಿದ್ದೀವಿ. ಲಕ್ಸ್ ಮೀಟರ್ ಹಿಡಿಯೋಕೆ ಒಬ್ಬರು ಬೇಕು, ಬರೋರು ಬನ್ನಿ.